ಬೀದಿಗೆ ಬೆನ್ನು ಹಾಕಿದ ಮನೆ

1981ರಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕ್ ಕೆಲಸಕ್ಕೆಂದು ಮುಂಬಯಿಗೆ ಬಂದವನು ನಾನು. ತೀರ್ಥಹಳ್ಳಿ ಕಡೆಯ ತೊಟ್ಟಿಮನೆಯಲ್ಲಿ ಬೆಳೆದವನಿಗೆ ಡೊಂಬಿವಲಿಯಲ್ಲಿ ಸಿಕ್ಕಿದ್ದು ಒಂದೇ ಕೋಣೆ, ಅದರಲ್ಲೂ ಮೂವರ ಪಾಲು. ನಿವೃತ್ತನಾದ ಮೇಲೆ ಮಗಳು, ಅಳಿಯ ನಮ್ಮಿಬ್ಬರನ್ನೂ ಮೊರಾಕ್ಕೊ ದೇಶಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಫೆಸ್ ಎಂಬ ಹಳೇ ಊರಲ್ಲಿ ನಾಲ್ಕು ರಾತ್ರಿ ಇದ್ದೆವು.

ಕಾರು ಊರಬಾಗಿಲವರೆಗೆ ಮಾತ್ರ. ನಮ್ಮ ಪೆಟ್ಟಿಗೆಗಳು ಕೈಗಾಡಿಯಲ್ಲಿ ಹೋದವು. ಎದುರಿಗೆ ಹೊರೆ ಹೊತ್ತ ಕತ್ತೆ ಬಂದ್ರೆ ಗೋಡೆಗೆ ಒರಗಿ ನಿಲ್ಲಬೇಕು, ಅಷ್ಟು ಕಿರಿದಾದ ಓಣಿ. ಕೊನೆಗೆ ಒಂದು ಬೋಳು ಗೋಡೆ, ಅದಕ್ಕೊಂದು ಗಿಡ್ಡ ಬಾಗಿಲು. “ಇದಕ್ಕಾ ಇಷ್ಟು ದುಡ್ಡು?” ಅಂತ ನಮ್ಮ ಮನೆಯವಳು ಪಿಸುಗುಟ್ಟಿದಳು. ಕತ್ತಲ ನಡೆ ತಿರುಗಿ ಒಳಗೆ ಕಾಲಿಟ್ಟರೆ ಆಕಾಶಕ್ಕೆ ತೆರೆದ ಅಂಗಳ! ನಡುವೆ ಕಾರಂಜಿ, ಕಿತ್ತಳೆ ಗಿಡ, ಗೋಡೆಗೆ ಬಣ್ಣದ ಹೆಂಚಿನ ಚೂರುಗಳ ಚಿತ್ತಾರ, ಮೇಲೆ ದೇವದಾರು ಮರದ ಕೆತ್ತನೆ, ಸುತ್ತ ಏಳು ಕೋಣೆ. “ರೀ, ನಮ್ಮ ತೊಟ್ಟಿ ಕಣ್ರೀ” ಅಂದಳು.

ಇಂಥ ಮನೆಗೆ ಅಲ್ಲಿ ರಿಯಾದ್ ಅಂತಾರೆ. ಅರಬ್ಬಿಯಲ್ಲಿ ಆ ಮಾತಿಗೆ ತೋಟ ಎಂದರ್ಥ. ಸಿರಿ ಏನಿದ್ದರೂ ಒಳಗೆ, ಬೀದಿಗೆ ಬರೀ ಬೆನ್ನು.

ಫೆಸ್ ಕಥೆ ಕೇಳಿದರೆ ನಮ್ಮಂಥವರಿಗೆ ಹತ್ತಿರವಾಗುತ್ತೆ. 789ರಲ್ಲಿ ಮೊದಲನೇ ಇದ್ರಿಸ್ ಹೊಳೆಯ ಒಂದು ದಡದಲ್ಲಿ ಊರು ಕಟ್ಟಿಸಿದ. ಅವನ ಮಗ 809ರಲ್ಲಿ ಎದುರು ದಡದಲ್ಲಿ ಇನ್ನೊಂದು ಕಟ್ಟಿಸಿದ. 818ರಲ್ಲಿ ಸ್ಪೇನಿನ ಕೊರ್ಡೊಬಾದಲ್ಲಿ ದಂಗೆಯಾಗಿ, ಹೊರದೂಡಲ್ಪಟ್ಟ ಕುಟುಂಬಗಳು ಒಂದು ದಡಕ್ಕೆ ಬಂದವು. ಟ್ಯುನೀಸಿಯಾದ ಕೈರವಾನ್ ಊರಿನವರು ಇನ್ನೊಂದು ದಡಕ್ಕೆ ಬಂದರು. 11ನೇ ಶತಮಾನದಲ್ಲಿ ಎರಡೂ ಸೇರಿ ಒಂದೇ ಊರಾಯಿತು. ಹೆಸರು ಮಾತ್ರ ಅಳಿಯಲಿಲ್ಲ: ಈ ಕಡೆ ಆಂದಲೂಸಿಯಾದವರ ಕೇರಿ, ಆ ಕಡೆ ಕರವೀಯಿನ್, ಅಂದ್ರೆ ಕೈರವಾನಿನವರ ಮಸೀದಿ. 859ರಲ್ಲಿ ಅದನ್ನು ಕಟ್ಟಿಸಿದವಳು ಆ ಊರಿನಿಂದ ಬಂದ ಫಾತಿಮಾ ಅಲ್ ಫಿಹ್ರಿ ಎಂಬ ಹೆಣ್ಣುಮಗಳು ಎಂದು ಅಲ್ಲಿನವರ ನಂಬಿಕೆ. ಬಿಟ್ಟು ಬಂದ ಊರಿನ ಹೆಸರನ್ನು ಹೊಸ ಊರಲ್ಲಿ ನೆಡುವುದು ನಮಗೇನು ಹೊಸದೇ? ಮಾಟುಂಗದ ಮೈಸೂರು ಅಸೋಸಿಯೇಷನ್ ನೋಡಿ. 1973ರಲ್ಲಿ ರಾಜ್ಯದ ಹೆಸರೇ ಬದಲಾದರೂ ಅದು ಮೈಸೂರಾಗಿಯೇ ಉಳಿಯಿತು.

1912ರಲ್ಲಿ ಇದೇ ಫೆಸ್‌ನಲ್ಲಿ ಒಪ್ಪಂದವಾಗಿ ದೇಶ ಫ್ರೆಂಚರ ಕೈಗೆ ಹೋಯಿತು. ಅವರ ಅಧಿಕಾರಿ ಲಿಯೋಟೆ ಹಳೇ ಊರನ್ನು ಒಡೆಯದೆ ಹೊರಗೆ ಹೊಸ ಊರು ಕಟ್ಟಿಸಿದ, ರಾಜಧಾನಿಯನ್ನು ರಬಾತ್‌ಗೆ ಒಯ್ದ. ವ್ಯಾಪಾರ ಕಾಸಾಬ್ಲಾಂಕಾ ಬಂದರಿನ ಕಡೆ ಹರಿಯಿತು. ಸಿರಿವಂತರು ಅದರ ಹಿಂದೆ ಹೋದರು. ಖಾಲಿಯಾದ ದೊಡ್ಡ ಮನೆಗಳಿಗೆ ಹಳ್ಳಿಗಳಿಂದ ಬಂದ ಬಡವರು ಕೋಣೆಗೊಂದು ಸಂಸಾರದಂತೆ ತುಂಬಿಕೊಂಡರು. 1981ರಲ್ಲಿ ಯುನೆಸ್ಕೊ ಹಳೇ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಮೇಲಿನ ದಶಕಗಳಲ್ಲಿ ವಿದೇಶಿಯರೂ ಸ್ಥಳೀಯರೂ ಇಂಥ ಮನೆಗಳನ್ನು ಕೊಂಡು, ದುರಸ್ತಿ ಮಾಡಿಸಿ ಅತಿಥಿಗೃಹ ಮಾಡಿದರು. ನಾವು ಉಳಿದದ್ದೂ ಅಂಥದೇ.

ಬೆಳಿಗ್ಗೆ ಪುದೀನ ಚಹಾ, ಪರೋಟದ ಹಾಗೆ ಪದರ ಪದರವಾದ ಮ್ಸೆಮೆನ್ ತಂದಿಡುತ್ತಿದ್ದ ಹಿರಿಯರು ಅದೇ ಮನೆಯ ಮಹಡಿಯಲ್ಲಿ ಹುಟ್ಟಿದವರಂತೆ. ಆಗ ಅಲ್ಲಿ ಐದು ಸಂಸಾರಗಳಿದ್ದವು. ಒಂದೇ ನಲ್ಲಿ. ಅಳಿಯ ಫ್ರೆಂಚಿನಲ್ಲಿ ಕೇಳಿ ನಮಗೆ ಹೇಳುತ್ತಿದ್ದ. “ಈಗ ಸಂಬಳಕ್ಕೆ ಇದ್ದೀರಲ್ಲ, ಬೇಜಾರಿಲ್ಲವೇ?” ಅಂತ ಕೇಳಿಸಿದೆ. “ಗೋಡೆ ನಿಂತಿದೆಯಲ್ಲ” ಅಂದರು ಅವರು, ಕಾರಂಜಿಯಲ್ಲಿ ಬಿದ್ದ ಎಲೆ ಹೆಕ್ಕುತ್ತಾ.

ನನಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. 1998ರಲ್ಲಿ ನಮ್ಮ ತೊಟ್ಟಿಮನೆ ಮಾರುವಾಗ ಅಣ್ಣ ಎರಡು ಸಲ ಕಾಗದ ಬರೆದಿದ್ದ, “ಒಮ್ಮೆ ಬಂದು ನೋಡಿ ಹೋಗೋ” ಅಂತ. ಮಾರ್ಚ್ ಕ್ಲೋಸಿಂಗ್ ಅಂತ ನೆಪ ಹೇಳಿ ನಾನು ಮುಖ್ತ್ಯಾರ ಪತ್ರವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿಬಿಟ್ಟೆ. ಕೊಂಡವರು ಮನೆ ಬಿಚ್ಚಿದರು. ಕಂಬಗಳು ಯಾವುದೋ ರೆಸಾರ್ಟಿಗೆ ಹೋದವಂತೆ. ನನ್ನ ಪಾಲಿನ ಹಣಕ್ಕೆ ಡೊಂಬಿವಲಿ ಫ್ಲ್ಯಾಟಿನ ಸಾಲ ತೀರಿತು. ಲೆಕ್ಕ ತಪ್ಪಲ್ಲ. ಆದರೆ ಆ ರಾತ್ರಿ ಅಂಗಳದಲ್ಲಿ ಕೂತು, ನಮ್ಮ ತೊಟ್ಟಿಗೆ ಎಷ್ಟು ಕಂಬ ಇದ್ದವು ಅಂತ ಎಣಿಸಲು ಹೋದೆ. ಹನ್ನೆರಡೋ ಹದಿನಾರೋ, ನೆನಪಾಗಲಿಲ್ಲ. ಕೇಳೋಣವೆಂದರೆ ಅಣ್ಣನೂ ಈಗಿಲ್ಲ.