ರೊಟ್ಟಿಯೊಳಗಿನ ಕಳೆ

ಒಂದೇ ಊರು, ಒಂದೇ ಬೀದಿ. ಈ ಮನೆಯಲ್ಲಿ ಅಪ್ಪನಿಗೂ ಕಿಡ್ನಿ ಫೇಲ್, ಅಮ್ಮನಿಗೂ ಕಿಡ್ನಿ ಫೇಲ್. ಪಕ್ಕದ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟು. ನಾಲ್ಕು ಹೆಜ್ಜೆ ದಾಟಿ ಆಚೆ ಊರಿಗೆ ಹೋದರೆ ಈ ಕಾಯಿಲೆಯ ಹೆಸರೇ ಇಲ್ಲ. ಇದು ಸಿನಿಮಾ ಕತೆ ಅಲ್ಲ. ಯುರೋಪಿನ ಡ್ಯಾನ್ಯೂಬ್ ನದಿಗೆ ಸೇರುವ ಉಪನದಿಗಳ ಬಯಲಲ್ಲಿ, ಇವತ್ತಿನ ಸರ್ಬಿಯಾ, ಬೋಸ್ನಿಯಾ, ಕ್ರೊಯೇಷಿಯಾ, ರೊಮೇನಿಯಾ, ಬಲ್ಗೇರಿಯಾಗಳ ಕೆಲವೇ ಹಳ್ಳಿಗಳಲ್ಲಿ ನಿಜವಾಗಿ ನಡೆದದ್ದು.

1956ರಲ್ಲಿ ಬಲ್ಗೇರಿಯಾದ ವ್ರಾಟ್ಸಾ ಪ್ರದೇಶದಿಂದ ತಾಂಚೇವ್ ಮತ್ತು ಜೊತೆಗಾರರು ಇದನ್ನ ಮೊದಲು ವರದಿ ಮಾಡಿದರು. ಮರುವರ್ಷವೇ ಸರ್ಬಿಯಾದಲ್ಲಿ ಡ್ಯಾನಿಲೊವಿಚ್ ಇಂಥದ್ದೇ ಹಳ್ಳಿಯೊಂದರ ಬಗ್ಗೆ ಬರೆದರು. ಆಮೇಲೆ ಇದಕ್ಕೆ ಬಾಲ್ಕನ್ ಎಂಡೆಮಿಕ್ ನೆಫ್ರೋಪಥಿ ಅಂತ ಹೆಸರು ಬಿತ್ತು. ಕಾಯಿಲೆ ಬಿದ್ದವರು ಸುಮಾರು 25 ಸಾವಿರ, ಅಪಾಯದಲ್ಲಿದ್ದವರು ಸುಮಾರು ಒಂದು ಲಕ್ಷ ಅನ್ನೋದು ಸಾಮಾನ್ಯವಾಗಿ ಕೊಡುವ ಅಂದಾಜು. ಯುರೋಪಿನ ಜನಸಂಖ್ಯೆಗೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಕಾಯಿಲೆ ಇದ್ದ ಹಳ್ಳಿಯವನಿಗೆ? ಕಿಡ್ನಿ ಸದ್ದಿಲ್ಲದೆ ಸುಕ್ಕಾಗುತ್ತಾ ಹೋಗುತ್ತೆ. ಎಷ್ಟೋ ಜನಕ್ಕೆ ಅದರ ಜೊತೆಗೇ ಮೂತ್ರನಾಳದ ಮೇಲ್ಭಾಗದಲ್ಲಿ ಕ್ಯಾನ್ಸರ್. ಬೇರೆ ಕಡೆ ಅಪರೂಪವಾದ ಕ್ಯಾನ್ಸರ್ ಅದು.

ನಾನು ಓದಿದ್ದು ಇಂಜಿನಿಯರಿಂಗ್. ಮಷಿನ್ ಕೆಟ್ಟರೆ ಮೊದಲು ಲಾಗ್ ನೋಡು ಅಂತ ನಮಗೆ ಹೇಳಿಕೊಡ್ತಾರೆ. ಇಲ್ಲಿ ಲಾಗ್ ಎಷ್ಟು ಸ್ಪಷ್ಟವಾಗಿತ್ತು ನೋಡಿ. ಮಕ್ಕಳಿಗೆ ಬರಲ್ಲ, ದೊಡ್ಡವರಿಗೆ ಬರುತ್ತೆ. ಪೇಟೆಯವರಿಗೆ ಬರಲ್ಲ, ರೈತರಿಗೆ ಬರುತ್ತೆ. ಕುಟುಂಬದಲ್ಲೇ ಸುತ್ತುತ್ತೆ, ಹಾಗಾಗಿ ಇದು ರಕ್ತದಲ್ಲೇ ಬಂದದ್ದು ಅಂತ ಹಲವರು ನಂಬಿದ್ದರು. ಆದರೆ ಹೊರಗಿನಿಂದ ಬಂದು ಆ ಊರಲ್ಲೇ ನೆಲೆಸಿದವರಿಗೂ, ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ, ಅದೇ ಕಾಯಿಲೆ. ಚಿಕ್ಕ ವಯಸ್ಸಲ್ಲೇ ಊರು ಬಿಟ್ಟು ಹೋದ ಒಡಹುಟ್ಟಿದವರು ಬಚಾವ್. ರಕ್ತವೊಂದೇ ಕಾರಣವಾಗಿದ್ದರೆ ಹೀಗಾಗೋದಿಲ್ಲ. ಆ ಮನೆಯವರು ವರ್ಷಗಟ್ಟಲೆ ಏನನ್ನೋ ಒಳಗೆ ತಗೊಳ್ತಿದ್ದರು. ಏನದು?

ಸೀಸ ಬೆರೆತ ಹಿಟ್ಟು ಅಂದರು. ಕೂಡಿಟ್ಟ ಧಾನ್ಯದ ಬೂಸ್ಟಿನ ವಿಷ ಅಂದರು. ಬಾವಿ ನೀರಿಗೆ ಲಿಗ್ನೈಟ್ ಕಲ್ಲಿದ್ದಲಿನಿಂದ ಇಳಿದ ರಾಸಾಯನಿಕ ಅಂದರು. ಒಂದೊಂದಕ್ಕೂ ವರ್ಷಗಳು ಹೋದವು.

ಉತ್ತರ ಮಾತ್ರ 1969ರಲ್ಲೇ ಬಂದಿತ್ತು! ಇವಿಚ್ ಎಂಬ ಸರ್ಬಿಯಾದ ಸಂಶೋಧಕ ಗೋಧಿ ಹೊಲದ ಒಂದು ಕಳೆಯತ್ತ ಬೆರಳು ತೋರಿಸಿದರು. ಹೆಸರು ಅರಿಸ್ಟೊಲೋಕಿಯಾ ಕ್ಲೆಮಟೈಟಿಸ್. ಅದರ ಬೀಜ ಗೋಧಿ ಕೊಯ್ಲಿಗೆ ಬರುವ ಹೊತ್ತಿಗೇ ಬಲಿಯುತ್ತೆ, ಗೋಧಿ ಜೊತೆಗೇ ಕಣಕ್ಕೆ ಬರುತ್ತೆ, ಹಿಟ್ಟಾಗುತ್ತೆ. ಅಲ್ಲಿ ರೊಟ್ಟಿ ಸುಡ್ತಿದ್ದದ್ದು ಮನೆಯಲ್ಲೇ, ಸ್ವಂತ ಹೊಲದ ಹಿಟ್ಟಿನಲ್ಲಿ. ಯಾರ ಹೊಲದಲ್ಲಿ ಕಳೆ ಹೆಚ್ಚೋ ಅವರ ಮನೆಯ ರೊಟ್ಟಿಯಲ್ಲಿ ವಿಷ ಹೆಚ್ಚು. ಪಕ್ಕದ ಮನೆ ಯಾಕೆ ಉಳೀತು ಅನ್ನೋದಕ್ಕೆ ಇದಕ್ಕಿಂತ ಸರಳ ಉತ್ತರ ಬೇಕಾ? ಆದರೂ ಆ ಮಾತು ಹೆಚ್ಚುಕಡಿಮೆ ಮೂಲೆ ಸೇರಿತು.

ಅದನ್ನ ಮೂಲೆಯಿಂದ ಎತ್ತಿಸಿದ್ದು ಬಾಲ್ಕನ್ ರೈತರಲ್ಲ, ಬೆಲ್ಜಿಯಂನ ಬ್ರಸೆಲ್ಸ್ ನಗರದ ಮಹಿಳೆಯರು. 1990ರ ದಶಕದ ಶುರುವಿನಲ್ಲಿ ಅಲ್ಲಿನ ಒಂದು ತೂಕ ಇಳಿಸುವ ಕ್ಲಿನಿಕ್‌ಗೆ ಹೋಗ್ತಿದ್ದ ಹೆಂಗಸರ ಕಿಡ್ನಿ ಒಬ್ಬರ ಹಿಂದೆ ಒಬ್ಬರಂತೆ ಕೈಕೊಡತೊಡಗಿತು. ಅವರ ಮಾತ್ರೆಗೆ ಸೇರಬೇಕಾಗಿದ್ದ ಚೀನೀ ಮೂಲಿಕೆ ಸ್ಟೆಫಾನಿಯಾ. ಚೀನೀ ಭಾಷೆಯಲ್ಲಿ ಎರಡು ಗಿಡಗಳಿಗೂ 'ಫಾಂಗ್ ಜಿ' ಅನ್ನೋ ಹೆಸರು ಅಂಟಿಕೊಂಡಿತ್ತು. ಹಾಗಾಗಿ ಸ್ಟೆಫಾನಿಯಾ ಬದಲು ಅರಿಸ್ಟೊಲೋಕಿಯಾ ಫಾಂಗ್ಚಿ ಬಂದು ಕೂತಿತ್ತು. 1993ರಲ್ಲಿ ವಾನ್‌ಹರ್ವೆಗೆಮ್ ತಂಡ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನ ಪ್ರಕಟಿಸಿತು. ಮುಂದೆ ರೋಗಿಗಳ ಲೆಕ್ಕ ನೂರು ದಾಟಿತು. ಅವರಲ್ಲಿ ಮುಂಜಾಗ್ರತೆಗಾಗಿ ಕಿಡ್ನಿ, ಮೂತ್ರನಾಳ ತೆಗೆಸಿಕೊಂಡ 39 ಜನರ ಪೈಕಿ 18 ಜನರಲ್ಲಿ ಕ್ಯಾನ್ಸರ್ ಇತ್ತು ಅಂತ 2000ದ ವರದಿ ಹೇಳಿತು. ಅದೇ ಸುಕ್ಕಾದ ಕಿಡ್ನಿ, ಅದೇ ಅಪರೂಪದ ಕ್ಯಾನ್ಸರ್. ಇವಿಚ್ ಹೇಳಿದ್ದ ಮಾತು ಆಗ ನೆನಪಾಯಿತು.

ನನಗೆ ಸಿಟ್ಟು ಬರೋದು ಇಲ್ಲೇ. ದಶಕಗಳಿಂದ ಸಾಯ್ತಿದ್ದ ರೈತರ ರೊಟ್ಟಿಗೆ ಸಿಗದ ಗಮನ ರಾಜಧಾನಿಯ ಸ್ಲಿಮ್ಮಿಂಗ್ ಮಾತ್ರೆಗೆ ಒಂದೆರಡೇ ವರ್ಷದಲ್ಲಿ ಸಿಕ್ಕಿತು. ನಮ್ಮ ನ್ಯೂಸ್‌ರೂಮ್‌ಗಳೂ ಬೇರೆಯೇನಲ್ಲ, ಬಿಡಿ.

ಅಂತಿಮ ಸಾಕ್ಷಿ ಸಿಕ್ಕಿದ್ದು 2007ರಲ್ಲಿ. ಅಮೆರಿಕದ ಗ್ರೋಲ್‌ಮನ್, ಕ್ರೊಯೇಷಿಯಾದ ಯೆಲಾಕೊವಿಚ್ ಮತ್ತು ಸಂಗಡಿಗರು ರೋಗಿಗಳ ಕಿಡ್ನಿಯ ಡಿಎನ್‌ಎಯಲ್ಲೇ ಅರಿಸ್ಟೊಲೋಕಿಕ್ ಆಮ್ಲದ ತುಣುಕು ಅಂಟಿಕೊಂಡಿರೋದನ್ನ ತೋರಿಸಿದರು. ಗಡ್ಡೆಗಳ ಪಿ53 ಜೀನ್‌ನಲ್ಲಿ ಆ ಆಮ್ಲ ಮಾತ್ರ ಬಿಡುವಂಥ ಗುರುತು ಕೂಡ ಸಿಕ್ಕಿತು. ಬೆರಳಚ್ಚು ಅಂತೀವಲ್ಲ, ಹಾಗೆ. ಇವಿಚ್ ಹೇಳಿ 38 ವರ್ಷ ಆಗಿತ್ತು.

ಇಷ್ಟಕ್ಕೇ ಮುಗೀಲಿಲ್ಲ. ತೈವಾನ್‌ನಲ್ಲಿ 1997ರಿಂದ 2003ರವರೆಗಿನ ಔಷಧಿ ಚೀಟಿಗಳ ದಾಖಲೆ ತೆಗೆದು ನೋಡಿದಾಗ, ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗಕ್ಕೆ ಈ ಆಮ್ಲ ಇದ್ದಿರಬಹುದಾದ ಮೂಲಿಕೆ ಕೊಟ್ಟಿದ್ದು ಗೊತ್ತಾಯಿತು. ಅಪರೂಪದ ಕಾಯಿಲೆ ಅಂದುಕೊಂಡಿದ್ದೆವಲ್ಲ?

ಇನ್ನು ನಮ್ಮ ಮನೆ ಹಿತ್ತಲಿಗೆ ಬರೋಣ. ಈ ಗಿಡದ ಖಾಸಾ ನೆಂಟ ಅರಿಸ್ಟೊಲೋಕಿಯಾ ಇಂಡಿಕಾ, ಅಂದರೆ ನಮ್ಮ ಈಶ್ವರಿ ಬಳ್ಳಿ. ಹಾವು ಕಡಿದರೆ ಇದರ ಬೇರು ಅನ್ನೋ ನಂಬಿಕೆ ಹಳೇದು. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ತಿನ್ನೋದು ಈ ಬಳ್ಳಿಯ ಎಲೆಯನ್ನೇ. ಹುಳು ಆ ವಿಷವನ್ನ ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತೆ. ಬಳ್ಳಿ ಕಾಡಲ್ಲಿರಲಿ, ಚಿಟ್ಟೆಗೆ ಅದು ಬೇಕು. ನನ್ನ ತಕರಾರು ಬೇರು ಅರೆದು ಕುಡಿಯೋದರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲೇ ಅರಿಸ್ಟೊಲೋಕಿಯಾ ಇರುವ ಔಷಧಿಗಳನ್ನ ತಂಬಾಕಿನ ಜೊತೆ ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರೋದು ಖಚಿತ ಅನ್ನೋ ಪಟ್ಟಿಗೆ ಸೇರಿಸಿದೆ. ಕಿಡ್ನಿ ಡಾಕ್ಟರ ಮುಂದೆ ಕೂತಾಗ ಬಿಪಿ, ಶುಗರ್ ಜೊತೆಗೆ, ಹಿಂದೆ ಯಾವ್ಯಾವ ಬೇರು, ಪುಡಿ, ಕಷಾಯ ಎಷ್ಟು ತಿಂಗಳು ತಗೊಂಡಿದ್ದಿರಿ ಅನ್ನೋದನ್ನೂ ಹೇಳಿ. ಹದಿನೈದು ವರ್ಷ ಹಿಂದಿನದಾದರೂ ಸರಿ.