ಚಳಿಗಾಲ ಮತ್ತು ಹಬ್ಬದ ದಿನಗಳಲ್ಲಿ ಸಾಕುಪ್ರಾಣಿಗಳ ಆರೈಕೆ

ದೀಪಾವಳಿಯಿಂದ ಮಕರ ಸಂಕ್ರಾಂತಿಯವರೆಗಿನ ಅವಧಿ ಕರ್ನಾಟಕದಲ್ಲಿ ಚಳಿಯೂ ಹಬ್ಬಗಳೂ ಜೊತೆಯಾಗಿ ಬರುವ ಕಾಲ. ಈ ದಿನಗಳಲ್ಲಿ ಮನೆಯ ನಾಯಿ, ಬೆಕ್ಕು, ಪಂಜರದ ಹಕ್ಕಿ ಮತ್ತು ಕೊಟ್ಟಿಗೆಯ ದನಗಳಿಗೆ ಒದಗುವ ಅಪಾಯಗಳನ್ನೂ ಅವುಗಳನ್ನು ತಡೆಯುವ ಬಗೆಯನ್ನೂ ಇಲ್ಲಿ ವಿವರಿಸಿದೆ. ಹಿಮ ಬೀಳುವ ನಾಡುಗಳಲ್ಲಿ ಚಳಿಯೇ ದೊಡ್ಡ ಶತ್ರು; ಇಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ಸಾಮಾನ್ಯವಾಗಿ ಡಿಸೆಂಬರಿನ ರಾತ್ರಿಗಳು 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಬೀದರ್, ವಿಜಯಪುರಗಳ ಕಡೆ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಮೈಯಲ್ಲಿ ಕಸುವಿರುವ ಪ್ರಾಣಿ ಇಷ್ಟನ್ನು ತಾಳಿಕೊಳ್ಳುತ್ತದೆ. ಹೆಚ್ಚಿನ ಕೇಡು ಆಗುವುದು ನಮ್ಮ ಸಂಭ್ರಮದಿಂದ: ಪಟಾಕಿಯಿಂದ, ಹಬ್ಬದಡುಗೆಯಿಂದ, ಯಾರೋ ತೆರೆದಿಟ್ಟು ಹೋದ ಗೇಟಿನಿಂದ. ಹಾಗಾಗಿ ಇವುಗಳಲ್ಲಿ ಬಹುಪಾಲನ್ನು ಮುಂಚಿತವಾಗಿಯೇ ತಪ್ಪಿಸಬಹುದು.

ಪಟಾಕಿಯ ಸದ್ದು

ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೂ ಬೆಕ್ಕಿಗೆ 60,000ವನ್ನು ಮೀರಿಯೂ ಕೇಳಿಸುತ್ತದೆ. ನಮಗೆ ತಿಳಿಯದಷ್ಟು ಸಣ್ಣ ಸದ್ದನ್ನೂ ಹಿಡಿಯುವ ಕಿವಿ ಅವುಗಳದು. ಭಾರತದ ನಿಯಮದ ಪ್ರಕಾರ ಪಟಾಕಿಯ ಸದ್ದು ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದು. ಆ ಮಿತಿಯೊಳಗಿನ ಸದ್ದೂ ಪ್ರಾಣಿಗೆ ಸಣ್ಣದೇನಲ್ಲ. ಗುಡುಗಿಗೆ ಮೊದಲು ಗಾಳಿ, ಮಳೆಯ ಸೂಚನೆಯಾದರೂ ಸಿಗುತ್ತದೆ. ಪಟಾಕಿ ಯಾವ ದಿಕ್ಕಿನಿಂದ, ಯಾವ ಗಳಿಗೆಯಲ್ಲಿ ಸಿಡಿದೀತೆಂದು ಊಹಿಸಲಾಗದಿರುವುದೇ ಅದರ ಭಯವನ್ನು ಇಮ್ಮಡಿ ಮಾಡುತ್ತದೆ.

ಹೆದರಿದ ನಾಯಿ ನಡುಗುತ್ತದೆ, ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಮಂಚದಡಿ ನುಗ್ಗುತ್ತದೆ, ಬಾಗಿಲನ್ನು ಕೆರೆದು ಉಗುರು ಕಿತ್ತುಕೊಳ್ಳುವುದೂ ಇದೆ. ಬೆಕ್ಕು ಅಡಗಿಕೊಂಡು ಊಟ ಬಿಟ್ಟುಬಿಡುವುದರಿಂದ ಅದರ ಭಯ ಮನೆಯವರ ಗಮನಕ್ಕೇ ಬರುವುದಿಲ್ಲ. ಒಳಗಿನ ಒಂದು ಕೋಣೆಯ ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನ್ ಅಥವಾ ಟಿವಿ ಹಾಕಿ, ಪರಿಚಿತ ವಾಸನೆಯ ಹಾಸಿಗೆ ಮತ್ತು ನೀರನ್ನು ಇಟ್ಟರೆ ಹೆದರಿದ ಪ್ರಾಣಿ ಅಲ್ಲಿ ಆಸರೆ ಪಡೆಯುತ್ತದೆ. ಆ ಕೋಣೆಯನ್ನು ಹಬ್ಬಕ್ಕೆ ವಾರಗಳ ಮೊದಲೇ ಅಭ್ಯಾಸ ಮಾಡಿಸಬೇಕು. ಧ್ವನಿಮುದ್ರಿತ ಪಟಾಕಿ ಸದ್ದನ್ನು ಬಹಳ ಮೆಲ್ಲಗೆ ಹಾಕಿ, ಜೊತೆಗೆ ಇಷ್ಟದ ತಿಂಡಿ ಕೊಡುತ್ತ, ದಿನೇ ದಿನೇ ಸದ್ದನ್ನು ತುಸುವೇ ಏರಿಸುತ್ತ ಹೋಗುವ ಪದ್ಧತಿಯೂ ಇದೆ. ಇದು ವಾರಗಟ್ಟಲೆ ಹಿಡಿಯುವ ಕೆಲಸ. ಹಬ್ಬದ ಮುನ್ನಾದಿನ ಆರಂಭಿಸಿದರೆ ಪ್ರಯೋಜನವಿಲ್ಲ.

ಹೆದರಿದ ನಾಯಿಯನ್ನು ಸಮಾಧಾನಪಡಿಸಿದರೆ ಭಯ ಹೆಚ್ಚುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಅದು ತಪ್ಪು. ಭಯ ಒಂದು ಭಾವನೆ. ಮುದ್ದಿಸಿದ್ದರಿಂದ ಅದು ಬಲಗೊಳ್ಳುವುದಿಲ್ಲ. ನಾಯಿ ಮಡಿಲಿಗೆ ಬಂದರೆ ಸೇರಿಸಿಕೊಳ್ಳಬೇಕು, ಮಂಚದಡಿಯಲ್ಲೇ ಇರಬಯಸಿದರೆ ಎಳೆದು ತರಬಾರದು. ತೀವ್ರವಾಗಿ ಹೆದರುವ ಪ್ರಾಣಿಗೆ ಪಶುವೈದ್ಯರು ಗ್ಯಾಬಪೆಂಟಿನ್, ಟ್ರಾಜೊಡೋನ್‌ನಂಥ ಔಷಧಿ ಬರೆದುಕೊಡಬಹುದು. ಹಿಂದೆ ಹೆಚ್ಚಾಗಿ ಕೊಡುತ್ತಿದ್ದ ಏಸ್‌ಪ್ರೊಮಜಿನ್ ಅನ್ನು ಒಂದನ್ನೇ ಈ ಉದ್ದೇಶಕ್ಕೆ ಬಳಸುವುದು ಸರಿಯಲ್ಲ: ಅದು ಮೈಯನ್ನು ಜಡ ಮಾಡುತ್ತದೆಯೇ ಹೊರತು ಭಯವನ್ನು ಇಳಿಸುವುದಿಲ್ಲ. ಅಲುಗಾಡಲಾಗದೆ ಮಲಗಿದ ನಾಯಿ ನೆಮ್ಮದಿಯಾಗಿದೆ ಎಂದು ಮನೆಯವರು ತಿಳಿಯುತ್ತಾರೆ. ಅದು ಒಳಗೊಳಗೇ ಅಷ್ಟೇ ಹೆದರಿರುತ್ತದೆ.

ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ಹಸಿರು ಪಟಾಕಿಗಳಿಗೆ ಮಾತ್ರ ಅವಕಾಶ ಕೊಟ್ಟು, ದೀಪಾವಳಿಯಲ್ಲಿ ಅವುಗಳನ್ನು ರಾತ್ರಿ 8ರಿಂದ 10ರವರೆಗೆ, ಕ್ರಿಸ್‌ಮಸ್ ಮತ್ತು ಹೊಸವರ್ಷದ ಮುನ್ನಾದಿನ ರಾತ್ರಿ 11.55ರಿಂದ 12.30ರವರೆಗೆ ಹೊಡೆಯಬಹುದೆಂದು ಹೇಳಿತು. ಆದರೆ ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿಯುತ್ತಲೇ ನಸುಕಿನಲ್ಲಿ ಪಟಾಕಿ ಹಚ್ಚುವ ರೂಢಿ ಹಲವು ಊರುಗಳಲ್ಲಿ ಇನ್ನೂ ಇದೆ. ಆದ್ದರಿಂದ ನಾಯಿಯನ್ನು ಬೆಳಕು ಚೆನ್ನಾಗಿ ಹರಿದ ಮೇಲೆ ಮತ್ತು ಸಂಜೆ ಕತ್ತಲಾಗುವ ಮೊದಲು ಹೊರಗೆ ಕರೆದೊಯ್ಯುವುದು ಮೇಲು, ಎಷ್ಟೇ ಪಳಗಿದ್ದರೂ ಹಗ್ಗ ಹಿಡಿದೇ. ಅಂಗಳದಲ್ಲಿ ಸರಪಳಿಗೆ ಕಟ್ಟಿಬಿಡುವುದು ಅತ್ಯಂತ ಕ್ರೂರ ಏರ್ಪಾಡು: ಓಡಲೂ ಆಗದೆ, ಅಡಗಲೂ ಆಗದೆ ಅದು ಕತ್ತು ಬಿಗಿದುಕೊಂಡು ಸಾಯಬಹುದು. ಗಾಬರಿಯಿಂದ ಓಡಿಹೋದ ನಾಯಿಗೆ ತನ್ನ ಬೀದಿಯೇ ಗುರುತು ಸಿಗದಂತಾಗುತ್ತದೆ. ಚರ್ಮದಡಿ ಇಡುವ 15 ಅಂಕಿಗಳ ಮೈಕ್ರೋಚಿಪ್ ಓದಲು ಯಂತ್ರ ಬೇಕು. ಕೊರಳಪಟ್ಟಿಯ ಮೇಲೆ ಬರೆದ ಫೋನ್ ನಂಬರನ್ನು ದಾರಿಹೋಕ ಯಾರೇ ಆದರೂ ಓದಬಲ್ಲರು. ಎರಡೂ ಇರಲಿ.

ಮರುದಿನದ ಅಪಾಯವೂ ಇದೆ. ಬೀದಿಯಲ್ಲಿ ಬಿದ್ದ ಅರೆಸುಟ್ಟ ಪಟಾಕಿಯನ್ನು ನಾಯಿಮರಿಗಳು ಅಗಿಯುತ್ತವೆ. ಅದರಲ್ಲಿ ಬೇರಿಯಂ ಲವಣವಿದ್ದರೆ ರಕ್ತದ ಪೊಟ್ಯಾಸಿಯಂ ಕುಸಿದು ಸ್ನಾಯುಗಳ ಬಲ ಉಡುಗಿ ಹೃದಯದ ಬಡಿತ ತಪ್ಪಬಹುದು.

ಹಬ್ಬದಡುಗೆಯೊಳಗಿನ ವಿಷ

ನಾಯಿಗೆ ಒಂದು ತುತ್ತು ಕೊಡದೆ ಉಣ್ಣಲು ಮನಸ್ಸು ಬಾರದವರೇ ಹೆಚ್ಚು. ಆ ಪ್ರೀತಿ ದೊಡ್ಡದು, ಆದರೆ ತುತ್ತಿನಲ್ಲಿ ಏನಿದೆ ಎಂಬುದು ಮುಖ್ಯ. ಪಾಯಸ, ಲಾಡು, ಕೇಸರಿಬಾತ್, ಪ್ಲಮ್ ಕೇಕ್‌ಗಳಲ್ಲಿರುವ ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡವನ್ನು ಕೆಡಿಸಬಲ್ಲದು. ಕೆಲವು ನಾಯಿಗಳು ಸಾಕಷ್ಟು ತಿಂದೂ ಉಳಿಯುತ್ತವೆ, ಕೆಲವು ಸ್ವಲ್ಪಕ್ಕೇ ಕುಸಿಯುತ್ತವೆ. ಸುರಕ್ಷಿತ ಪ್ರಮಾಣ ಇಷ್ಟೆಂದು ಹೇಳುವಂತಿಲ್ಲ. ಇದಕ್ಕೆ ಕಾರಣ ಟಾರ್ಟಾರಿಕ್ ಆಮ್ಲವಿರಬೇಕೆಂಬ ಅಭಿಪ್ರಾಯ ಇತ್ತೀಚಿನ ವರ್ಷಗಳಲ್ಲಿ ಗಟ್ಟಿಯಾಗಿದೆ. ಕನ್ನಡ ನಾಡಿನ ಅಡುಗೆಮನೆಗೆ ಇದು ವಿಶೇಷವಾಗಿ ಸಂಬಂಧಿಸಿದ ಸಂಗತಿ, ಏಕೆಂದರೆ ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಹೇರಳವಾಗಿದೆ. ಹುಣಸೆ ತಿಂದ ನಾಯಿಗಳಲ್ಲಿ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಪುಳಿಯೋಗರೆ ಗೊಜ್ಜು, ನೆನೆಸಿಟ್ಟ ಹುಣಸೆಹಣ್ಣು ನಾಯಿಗೆ ಎಟುಕಬಾರದು.

ಚಾಕೊಲೇಟಿನ ಥಿಯೊಬ್ರೋಮಿನ್ ನಾಯಿಯ ದೇಹದಲ್ಲಿ ನಿಧಾನವಾಗಿ ಕರಗುತ್ತದೆ. ಅರ್ಧದಷ್ಟು ಹೊರಹೋಗಲು ಹದಿನೇಳು ಗಂಟೆಗಳಾದರೂ ಬೇಕು. ದೇಹತೂಕದ ಪ್ರತಿ ಕಿಲೋಗೆ ಸುಮಾರು 20 ಮಿಲಿಗ್ರಾಂ ಸೇರಿದರೆ ವಾಂತಿ, ಚಡಪಡಿಕೆ ಶುರುವಾಗುತ್ತವೆ. 60 ಮಿಲಿಗ್ರಾಂ ಮುಟ್ಟಿದರೆ ಫಿಟ್ಸ್ ಬರಬಹುದು. ಡಾರ್ಕ್ ಚಾಕೊಲೇಟಿನಲ್ಲಿ ಗ್ರಾಂಗೆ ಸುಮಾರು 5 ಮಿಲಿಗ್ರಾಂ ಇರುವುದರಿಂದ 5 ಕಿಲೋ ತೂಕದ ಪೊಮೆರೇನಿಯನ್‌ಗೆ 20 ಗ್ರಾಂ ಚೂರೇ ತೊಂದರೆ ಕೊಡಲು ಸಾಕು. ಸಕ್ಕರೆರಹಿತ ಚ್ಯೂಯಿಂಗ್ ಗಮ್‌ಗಳಲ್ಲಿ ಬಳಸುವ ಜೈಲಿಟಾಲ್ ಇನ್ನೂ ವೇಗದ್ದು. ಅರ್ಧ-ಒಂದು ಗಂಟೆಯೊಳಗೇ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು.

ಈರುಳ್ಳಿ, ಬೆಳ್ಳುಳ್ಳಿ ಬೆಂದರೂ ಅವುಗಳ ದೋಷ ಹೋಗುವುದಿಲ್ಲ. ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೆಕ್ಕಿನಲ್ಲಂತೂ ಹೆಚ್ಚು. ಲಕ್ಷಣ ಕೆಲವು ದಿನ ತಡವಾಗಿ ಕಾಣುವುದರಿಂದ ಹಬ್ಬದ ಪಲ್ಯಕ್ಕೂ ಬಿಳಿಚಿದ ಒಸಡಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಬಜ್ಜಿ, ಕಜ್ಜಾಯ, ತುಪ್ಪದ ಹೋಳಿಗೆ ಮೇದೋಜ್ಜೀರಕ ಗ್ರಂಥಿಯ ಉರಿಯೂತಕ್ಕೆ ದಾರಿ. ಬೆಂದ ಮೂಳೆ ಸಿಬಿರಾಗಿ ಒಡೆದು ಕರುಳನ್ನು ಚುಚ್ಚುತ್ತದೆ.

ಪೂಜೆ, ಹೂವು, ಅಲಂಕಾರ

ಕಣಗಿಲೆ ಹೂವು, ಎಲೆಗಳಲ್ಲಿ ಹೃದಯಕ್ಕೆ ತಾಗುವ ವಿಷವಿದೆ. ಪೂಜೆಯ ನಂತರ ಹಾರಗಳನ್ನು ಅಂಗಳಕ್ಕೆ ಎಸೆಯಬಾರದು. ಹೂಗುಚ್ಛಗಳಲ್ಲಿ ಬರುವ ಲಿಲಿ ಹೂವು ಬೆಕ್ಕಿಗೆ ಮಾರಕ. ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿದರೂ ಮೂತ್ರಪಿಂಡ ಕೈಕೊಡಬಹುದು. ಕ್ರಿಸ್‌ಮಸ್ ಕಾಲಕ್ಕೆ ಕೆಂಪಾಗುವ ಪಾಯಿನ್‌ಸೆಟಿಯಾ ಮಾತ್ರ ಹೆಸರು ಕೆಟ್ಟಷ್ಟು ಅಪಾಯಕಾರಿಯಲ್ಲ. ಬಾಯಿ ಹೊಟ್ಟೆ ಕೆರಳಿಸಬಹುದು, ಅಷ್ಟೆ. ಕರ್ಪೂರವನ್ನು, ಸ್ವೆಟರ್‌ಗಳ ನಡುವೆ ಇಟ್ಟಿದ್ದ ನುಸಿಗುಳಿಗೆಯನ್ನು ಪ್ರಾಣಿಗಳ ಕೈಗೆಟುಕದಂತೆ ಎತ್ತಿಡಬೇಕು. ಅಲಂಕಾರದ ಮಿಂಚುದಾರ ನುಂಗಿದ ಬೆಕ್ಕಿನ ಬಾಯಲ್ಲೋ ಹಿಂಬದಿಯಲ್ಲೋ ತುದಿ ಕಂಡರೆ ಎಳೆಯಲೇಬಾರದು. ಒಳಗೆ ಬಿಗಿದ ದಾರ ಕರುಳನ್ನು ಸೀಳುತ್ತದೆ.

ಹಕ್ಕಿಗಳ ಉಸಿರಾಟದ ಅಂಗ ಬಹಳ ಸೂಕ್ಷ್ಮ. ಊದುಬತ್ತಿ, ಸಾಂಬ್ರಾಣಿಯ ಹೊಗೆ ತುಂಬಿದ ಕೋಣೆಯಲ್ಲಿ ಪಂಜರವಿರಬಾರದು. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಆವಿ ಲವ್‌ಬರ್ಡ್, ಬಡ್ಜಿಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.

ಚಳಿ

ಚಳಿ ಹೆಚ್ಚು ತಾಗುವುದು ಮರಿಗಳಿಗೆ, ಮುದಿ ಪ್ರಾಣಿಗಳಿಗೆ, ಕಾಯಿಲೆಯವಕ್ಕೆ ಮತ್ತು ತೆಳುಗೂದಲಿನ ತಳಿಗಳಿಗೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಇದಕ್ಕೆ ಒಳ್ಳೆಯ ಉದಾಹರಣೆ: ಗಿಡ್ಡ ಕೂದಲು, ಕೊಬ್ಬಿಲ್ಲದ ಸಪೂರ ಮೈ. ಅದಕ್ಕೆ ರಾತ್ರಿ ಹೊದಿಕೆ ಬೇಕು. ಎರಡು ಪದರ ಕೂದಲಿನ ಹಸ್ಕಿಗೆ ಸ್ವೆಟರ್ ತೊಡಿಸುವುದು ಹಿಂಸೆ. ನೆಲದ ತಂಡಿ ತಟ್ಟದಂತೆ ಗೋಣಿಚೀಲ ಅಥವಾ ಹಲಗೆ ಹಾಸಿದರೆ ಅರ್ಧ ಕೆಲಸ ಮುಗಿದಂತೆ. ಒದ್ದೆಯಾದ ಸ್ವೆಟರ್ ಬರಿಮೈಗಿಂತ ಕೆಟ್ಟದ್ದು. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಮನೆಯವರನ್ನೂ ಪ್ರಾಣಿಯನ್ನೂ ಒಟ್ಟಿಗೆ ಕೊಲ್ಲಬಹುದು. ಬೆಚ್ಚಗಿನ ಬಾನೆಟ್ಟಿನಡಿ ಬೆಕ್ಕುಗಳು ಮಲಗುವುದರಿಂದ ಬೆಳಿಗ್ಗೆ ಕಾರು ಹೊರಡಿಸುವ ಮುನ್ನ ಬಾನೆಟ್ ಬಡಿಯುವುದು ಒಳ್ಳೆಯ ಅಭ್ಯಾಸ.

ಪಾರ್ವೊ ವೈರಾಣು ತಂಪು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಮರಿಗೆ 6-8 ವಾರಗಳಾದಾಗ ಲಸಿಕೆ ಆರಂಭಿಸಿ, 16 ವಾರ ತುಂಬುವವರೆಗೆ ಮೂರು-ನಾಲ್ಕು ವಾರಗಳಿಗೊಮ್ಮೆ ಮುಂದುವರಿಸಬೇಕು.

ಕೊಟ್ಟಿಗೆಯ ದನ

ಬಲಿಪಾಡ್ಯಮಿಯ ಗೋಪೂಜೆಯಂದು ಮನೆಮನೆಯವರೂ ಹಸುವಿಗೆ ಅನ್ನ, ಕಡುಬು, ಹೋಳಿಗೆ ತಿನ್ನಿಸುತ್ತಾರೆ. ಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಪಿಷ್ಟ ಒಮ್ಮೆಲೇ ಬಿದ್ದರೆ ಆಮ್ಲ ಏರಿ, ಮೆಲುಕು ನಿಂತು, ಹಸು ಕುಸಿದು ಬೀಳುತ್ತದೆ. ನೈವೇದ್ಯಕ್ಕೆ ಒಂದು ತುತ್ತು ಸಾಕು, ಉಳಿದದ್ದು ಹಸಿರು ಹುಲ್ಲಾಗಿರಲಿ. ಮೈಸೂರು, ಮಂಡ್ಯ ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವಾಗ ಗಬ್ಬದ ಹಸು, ಎಳೆಗರುಗಳನ್ನು ಬೆಂಕಿಯ ಹತ್ತಿರ ತರಬಾರದು.

ವಿಷ ತಿಂದಾಗ

ಮನೆಯ ಪ್ಯಾರಾಸಿಟಮಾಲ್ ಮಾತ್ರೆಯನ್ನು ಎಂದೂ ಕೊಡಬಾರದು. ಬೆಕ್ಕಿಗೆ ಒಂದೇ ಮಾತ್ರೆ ಪ್ರಾಣಕ್ಕೆ ಎರವಾಗಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿಯನ್ನೂ ಬಿಡಬೇಕು, ಹೆಚ್ಚಿದ ಉಪ್ಪೇ ಮೆದುಳಿಗೆ ಹಾನಿ ಮಾಡುತ್ತದೆ. ಪ್ರಾಣಿ ಏನನ್ನು, ಎಷ್ಟನ್ನು, ಯಾವಾಗ ತಿಂದಿತು ಎಂಬುದನ್ನು ಗುರುತಿಟ್ಟುಕೊಂಡು, ಪೊಟ್ಟಣದ ಚೀಟಿಯೊಂದಿಗೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹಬ್ಬದ ರಜೆಯಲ್ಲಿ ಬಹಳಷ್ಟು ಕ್ಲಿನಿಕ್‌ಗಳು ಮುಚ್ಚಿರುತ್ತವೆ. ಆ ರಾತ್ರಿ ಯಾವುದು ತೆರೆದಿರುತ್ತದೆಂದು ಹಬ್ಬಕ್ಕೆ ಮೊದಲೇ ವಿಚಾರಿಸಿ ನಂಬರು ಬರೆದಿಟ್ಟುಕೊಳ್ಳಿ. ವಾಂತಿ ಮಾಡಿಸಿ ವಿಷವನ್ನು ಹೊರತೆಗೆಯಲು ವೈದ್ಯರಿಗೆ ಸಿಗುವ ಅವಕಾಶ ಸಾಮಾನ್ಯವಾಗಿ ತಿಂದ ಮೊದಲ ಎರಡು ಗಂಟೆಗಳು ಮಾತ್ರ.