ನೆಟ್‌ವರ್ಕ್ ಬಫರ್ ದೋಷ

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಪ್ಯಾಕೆಟ್ ಇಡಲು ಜಾಗ ಸಿಗದಿದ್ದಾಗ ಕರ್ನೆಲ್ ಕೊಡುವ ದೋಷಕ್ಕೆ ಎನೋಬಫ್ಸ್ ಎಂದು ಹೆಸರು. ಫ್ರೀಬಿಎಸ್‌ಡಿಯಲ್ಲಿ ಇದರ ಸಂಖ್ಯೆ 55, ಲಿನಕ್ಸ್‌ನಲ್ಲಿ 105. ಪಿಂಗ್ ಮಾಡಿದಾಗ 'ನೋ ಬಫರ್ ಸ್ಪೇಸ್ ಅವೈಲಬಲ್' ಎಂಬ ಸಾಲು ಕಂಡರೆ ಮೆಮೊರಿ ಮುಗಿಯಿತೆಂದು ಭಾವಿಸುವುದು ಸಹಜ. ಎಷ್ಟೋ ಸಲ ಅದು ತಪ್ಪು. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಸೇಡಂನಂಥ ಊರುಗಳಲ್ಲಿ ಪೋರ್ಟಿನೊಳಗೆ ಧೂಳು ಕೂತು ಲಿಂಕ್ ಬಿದ್ದುಹೋದರೂ, ಹೊರಡಬೇಕಾದ ಪ್ಯಾಕೆಟ್‌ಗಳು ಡ್ರೈವರ್‌ನ ಸರದಿಯಲ್ಲೇ ತುಂಬಿಕೊಂಡು ಇದೇ ಸಂದೇಶ ಬರಬಹುದು. ಆದ್ದರಿಂದ ಮೊದಲು ನೋಡಬೇಕಾದದ್ದು ನೆಟ್‌ವರ್ಕ್ ಕಾರ್ಡಿನ ಲಿಂಕ್ ದೀಪ ಮತ್ತು ಕೇಬಲ್.

ಅವು ಸರಿಯಿದ್ದರೆ ಬಫರ್ ಬಳಕೆಯ ಎಣಿಕೆಗಳತ್ತ ಹೋಗಬೇಕು. ಫ್ರೀಬಿಎಸ್‌ಡಿಯಲ್ಲಿ ಪ್ಯಾಕೆಟ್‌ಗಳು ಸಾಮಾನ್ಯವಾಗಿ 256 ಬೈಟಿನ ಎಂಬಫ್ ಎಂಬ ಸಣ್ಣ ಬಫರ್‌ಗಳಲ್ಲಿ, ದೊಡ್ಡವಾದರೆ 2048 ಬೈಟಿನ ಕ್ಲಸ್ಟರ್‌ಗಳಲ್ಲಿ ಇರುತ್ತವೆ. 'ನೆಟ್‌ಸ್ಟ್ಯಾಟ್ -ಎಂ' ತೋರಿಸುವ 'ಡಿನೈಡ್' ಸಂಖ್ಯೆ ಏರುತ್ತಿದ್ದರೆ ಕ್ಲಸ್ಟರ್ ಮಿತಿಯನ್ನು ಸಿಸ್‌ಸಿಟಿಎಲ್ ಆಜ್ಞೆಯ ಮೂಲಕ ಹೆಚ್ಚಿಸಬಹುದು. ದಟ್ಟಣೆ ಇಳಿದ ಮೇಲೂ ಬಳಕೆ ಇಳಿಯದಿದ್ದರೆ ಡ್ರೈವರ್ ಬಫರ್‌ಗಳನ್ನು ಹಿಂದಿರುಗಿಸದೆ ಇರಬಹುದು. ಮಿತಿ ಏರಿಸಿದರೆ ತೊಂದರೆ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಆಗ ಡ್ರೈವರನ್ನೇ ಬದಲಿಸಬೇಕಾಗಬಹುದು.

ಹೊರಹೋಗುವ ಪ್ಯಾಕೆಟ್‌ಗಳಂತೆ ಒಳಬರುವವಕ್ಕೂ ಜಾಗ ಸಾಲದೆ ಹೋಗಬಹುದು. ಲಿನಕ್ಸ್‌ನಲ್ಲಿ ಒಳಬರುವ ಪ್ಯಾಕೆಟ್ ಬಿದ್ದುಹೋಗುವುದನ್ನು ಎಥ್‌ಟೂಲ್ ಎಂಬ ಆಜ್ಞೆಯ ಅಂಕಿಅಂಶ ತಿಳಿಸುತ್ತದೆ. ಅದರ ಸಣ್ಣ 'ಜಿ' ಆಯ್ಕೆ ಕಾರ್ಡಿನ ಪ್ಯಾಕೆಟ್ ಸರದಿಯಾದ ರಿಂಗ್ ಬಫರ್‌ನ ಅಳತೆ ತೋರಿಸಿದರೆ, ದೊಡ್ಡ 'ಜಿ' ಬದಲಿಸುತ್ತದೆ. ರಿಂಗ್ ವಿಪರೀತ ಹಿಗ್ಗಿಸಿದರೆ ಪ್ಯಾಕೆಟ್ ಕಾಯುವ ಹೊತ್ತೂ ಹೆಚ್ಚಬಹುದು.